ತಕ್ಕಡಿಗೂ ಮುದ್ರೆ ಬೇಕು, ತಂತ್ರಾಂಶ ಪರೀಕ್ಷಕನಿಗೂ ಬೇಕು

ಹೊಸೂರು ಮಾರುಕಟ್ಟೆಗೆ ಗುಲಾಬಿ, ಕೋಸು, ಟೊಮೇಟೊ ತರುವ ರೈತರ ಕಣ್ಣೆಲ್ಲ ತಕ್ಕಡಿಯ ಮೇಲೆ. ಸರ್ಕಾರದ ಮುದ್ರೆ ಬಿದ್ದಿದೆಯೇ? ಬಿದ್ದಿದ್ದರೆ ಯಾವ ವರ್ಷದ್ದು? 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತಕ್ಕಡಿಯನ್ನು 12 ತಿಂಗಳಿಗೊಮ್ಮೆ, ತೂಕದ ಕಲ್ಲುಗಳನ್ನು 24 ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸಬೇಕು. ಒಮ್ಮೆ ಸರಿಯಿದ್ದದ್ದು ಸದಾ ಸರಿಯಿರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಕಂಪ್ಯೂಟರ್ ಲೋಕದಲ್ಲೂ ಇಂಥದೊಂದು ತಕ್ಕಡಿ ಇದೆ. ಅದರ ಹೆಸರು ‘ಲಿಂಟಿಯನ್’. ‘ನಮಗ್ಯಾಕ್ರೀ ಅದರ ಉಸಾಬರಿ?’ ಅಂತೀರಾ? ಸ್ವಲ್ಪ ತಾಳಿ.

ಮನೆಯೊಳಗೇ ಬಂದಿತ್ತು

ತಮಿಳುನಾಡು ಸರ್ಕಾರ 2011ರಲ್ಲಿ ಸರ್ಕಾರಿ, ಅನುದಾನಿತ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರು ಮಾಡಿತು. ಅವುಗಳಲ್ಲಿ ಹಲವಕ್ಕೆ ವಿಂಡೋಸ್ ಜೊತೆಗೆ ‘ಬಾಸ್’ ಎಂಬ ವ್ಯವಸ್ಥೆಯನ್ನೂ ಹಾಕಲಾಗಿತ್ತು. ಅದು ಚೆನ್ನೈನ ಸಿ-ಡ್ಯಾಕ್ ಸಿದ್ಧಪಡಿಸಿದ್ದು. ಕನ್ನಡ, ತಮಿಳು ಎರಡನ್ನೂ ಬಲ್ಲದ್ದು. ಈ ಬಾಸ್‌ನ ತಾಯಿಬೇರು 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ತಂತ್ರಾಂಶಗಳ ದೊಡ್ಡ ಉಗ್ರಾಣ ಅದು.

ಈ ಉಗ್ರಾಣದಲ್ಲಿ ಇಂದು 60 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಪ್ಯಾಕೇಜು ಎಂದರೆ ಕಟ್ಟಿಟ್ಟ ಕ್ರೇಟು ಎನ್ನಿ. ಒಳಗೆ ತಂತ್ರಾಂಶ, ಅದರ ಪರವಾನಗಿ ಪತ್ರ, ಬಳಸುವ ವಿಧಾನ, ಯಾವ ಕಡತ ಎಲ್ಲಿ ಕೂರಬೇಕೆಂಬ ಸೂಚನೆ ಎಲ್ಲವೂ ಇರಬೇಕು. ಇವನ್ನು ಕಟ್ಟುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಕಟ್ಟಿದ್ದರಲ್ಲಿ ತಪ್ಪಿದೆಯೇ ಎಂದು ನೋಡುವುದೇ 1998ರಲ್ಲಿ ಹುಟ್ಟಿದ ಲಿಂಟಿಯನ್ ಕೆಲಸ.

ಹೆಸರಿನ ಮೂಲವೂ ನಮಗೆ ಹೊಸದಲ್ಲ. ಬಟ್ಟೆಗೆ ಅಂಟಿದ ಹತ್ತಿಯ ಜುಂಗಿಗೆ ಇಂಗ್ಲಿಷಿನಲ್ಲಿ ‘ಲಿಂಟ್’ ಅನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್, ಪ್ರೋಗ್ರಾಮುಗಳಲ್ಲಿನ ಸಣ್ಣ ಕಸ ಹೆಕ್ಕುವ ಉಪಕರಣಕ್ಕೆ ಅದೇ ಹೆಸರಿಟ್ಟರು. ಲಿಂಟಿಯನ್ ಅದೇ ವಂಶದ ಕುಡಿ.

ಪರವಾನಗಿ ಪತ್ರ ಇಲ್ಲದಿದ್ದರೆ ಅದು ‘ದೋಷ’ ಎಂದು ಬರೆಯುತ್ತದೆ. ಅಷ್ಟು ದೊಡ್ಡದಲ್ಲದ ತಪ್ಪಿಗೆ ‘ಎಚ್ಚರಿಕೆ’. ಒಂದೇ ಅಕ್ಷರಶೈಲಿ ಎರಡು ಪ್ಯಾಕೇಜಿನಲ್ಲಿದ್ದರೂ ಹೇಳುತ್ತದೆ. ಅದೇಕೆ ಮುಖ್ಯ? ಕನ್ನಡ ಒತ್ತಕ್ಷರದ ದೋಷವನ್ನು ಒಂದು ಪ್ರತಿಯಲ್ಲಿ ತಿದ್ದಿದರೆ ಇನ್ನೊಂದು ಹಾಗೇ ಉಳಿಯುತ್ತದೆ. ಅಂಗಡಿಯ ಬಿಲ್ಲಿನಲ್ಲಿ ಹೆಸರು ಮುರಿದು ಬಿದ್ದಾಗ ಗೊತ್ತಾಗುತ್ತದೆ ಅದರ ನೋವು. 2009ರಿಂದೀಚೆಗೆ ಕೆಲವು ದೊಡ್ಡ ತಪ್ಪುಗಳನ್ನು ಲಿಂಟಿಯನ್ ಹಿಡಿದರೆ ಪ್ಯಾಕೇಜನ್ನು ಉಗ್ರಾಣದ ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ.

ಪರೀಕ್ಷಕನ ಪರೀಕ್ಷೆ

ತೊಂದರೆ ಇರುವುದು ಇಲ್ಲೇ. ಡೆಬಿಯನ್‌ನ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ನಿಯಮ ಬದಲಾಗಿ ಲಿಂಟಿಯನ್ ಬದಲಾಗದಿದ್ದರೆ ಸರಿಯಾದ ಪ್ಯಾಕೇಜನ್ನೂ ತಪ್ಪೆಂದು ಕೂಗುತ್ತದೆ. ‘ಹುಲಿ ಬಂತು ಹುಲಿ’ ಕಥೆ ಗೊತ್ತಲ್ಲ? ನಾಲ್ಕು ಸಲ ಸುಳ್ಳು ಕೂಗು ಕೇಳಿದವರು ಐದನೆಯ ಸಲ ತಿರುಗಿಯೂ ನೋಡುವುದಿಲ್ಲ.

ಅದಕ್ಕೇ ಪ್ರತಿಯೊಂದು ನಿಯಮಕ್ಕೂ ಬೇಕೆಂದೇ ತಪ್ಪು ಮಾಡಿದ ಮಾದರಿ ಪ್ಯಾಕೇಜು ತಯಾರಿಸಿ, ಲಿಂಟಿಯನ್ ಅದನ್ನು ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ಇನ್ಸ್‌ಪೆಕ್ಟರ್ ತಮ್ಮ ಮಾದರಿ ತೂಕ ಇಟ್ಟು ನಮ್ಮ ತಕ್ಕಡಿ ಪರೀಕ್ಷಿಸಿದ ಹಾಗೆ. ಯಾವುದೋ ಪ್ಯಾಕೇಜಿಗೆ ಒಂದು ನಿಯಮ ನಿಜಕ್ಕೂ ಹೊಂದದಿದ್ದರೆ, ಅದನ್ನು ಕಟ್ಟಿದವರು ಕಾರಣ ಬರೆದು ವಿನಾಯಿತಿ ಪಡೆಯಬಹುದು. ಕಾರಣ ಎಲ್ಲರಿಗೂ ಕಾಣುವಂತೆ ಕಡತದಲ್ಲೇ ಇರುತ್ತದೆ.

ಇಷ್ಟಾದರೂ ಯಂತ್ರ ತಿಳಿದ ತಪ್ಪನ್ನಷ್ಟೇ ಹಿಡಿದೀತು. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝೆಡ್’ ಎಂಬ ಪ್ಯಾಕೇಜಿನೊಳಗೆ ಕಳ್ಳಬಾಗಿಲು ಪತ್ತೆಯಾಯಿತು. ಒಬ್ಬಂಟಿಯಾಗಿ ಅದನ್ನು ನೋಡಿಕೊಂಡು ದಣಿದಿದ್ದವರಿಗೆ ಸಹಾಯಕನ ಸೋಗಿನಲ್ಲಿ ಯಾರೋ ಜೊತೆಯಾಗಿ, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ ಕೈಚಳಕ ತೋರಿದ್ದರು. ಡೆಬಿಯನ್‌ನ ಪರೀಕ್ಷಾ ಆವೃತ್ತಿಯವರೆಗೂ ಅದು ಬಂದಿತ್ತು. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್: ಲಾಗಿನ್ ಆಗಲು ಅರ್ಧ ಸೆಕೆಂಡು ಜಾಸ್ತಿ ಹಿಡಿಯಿತೆಂದು ಬೆನ್ನುಹತ್ತಿ ಹೋದವರು. ಯಂತ್ರ ಸಣ್ಣ ಕಸ ಹೆಕ್ಕಿಕೊಟ್ಟರೆ ಮನುಷ್ಯನಿಗೆ ಇಂಥದನ್ನು ನೋಡಲು ಪುರುಸೊತ್ತು ಸಿಗುತ್ತದೆ. ಆ ಯಂತ್ರವನ್ನು ನೋಡಿಕೊಳ್ಳುವ ಕೈಗಳೂ ಒಂದೆರಡೇ ಆದರೆ ಅವೂ ದಣಿಯುತ್ತವೆ.

ನಮ್ಮ ಹುಡುಗರಿಗೂ ಜಾಗವಿದೆ

ಡೆಬಿಯನ್ ಬಳಗದ ವಾರ್ಷಿಕ ಸಮ್ಮೇಳನ 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೆಯಿತು. ಅಂದಮೇಲೆ ಇದು ಬರೀ ವಿಲಾಯತಿಯವರ ಕೆಲಸವೇನಲ್ಲ. ತಳಿ, ಡೆಂಕಣಿಕೋಟೆ, ಸೂಳಗಿರಿ ಕಡೆಯಿಂದ ಎಂಜಿನಿಯರಿಂಗ್ ಓದಲು ಹೋಗುವ ಮಕ್ಕಳಿಗೆ ಕನ್ನಡವೂ ಗೊತ್ತು, ತಮಿಳೂ ಗೊತ್ತು. ಎರಡು ಲಿಪಿಯ ಅಕ್ಷರಶೈಲಿಗಳನ್ನು ಇವರಿಗಿಂತ ಚೆನ್ನಾಗಿ ಪರೀಕ್ಷಿಸುವವರು ಯಾರು? ಪರ್ಲ್ ಭಾಷೆ ಕಲಿತರೆ ಲಿಂಟಿಯನ್‌ನ ಒಳಗಡೆಯೂ ಕೈಯಾಡಿಸಬಹುದು. ಮೊದಲಿಗೆ ಒಂದು ಸುಳ್ಳು ಎಚ್ಚರಿಕೆ ಕಂಡರೆ, ಅದು ಬಂದ ಪ್ಯಾಕೇಜಿನ ಹೆಸರು, ಬಂದ ಸಾಲು, ತಪ್ಪೇಕೆ ಅನ್ನುವುದು, ಈ ಮೂರನ್ನು ಬರೆದು ಕಳಿಸಿದರೆ ಸಾಕು. ಸಂಬಳ ಸಿಗಲಿಕ್ಕಿಲ್ಲ, ಆದರೆ ಮಾಡಿದ ಕೆಲಸ ಹೆಸರಿನ ಸಮೇತ ಎಲ್ಲರ ಕಣ್ಣಿಗೆ ಕಾಣುವಂತೆ ಉಳಿಯುತ್ತದೆ. ನಾಳೆ ಕೆಲಸ ಕೇಳಿಕೊಂಡು ಹೋದಾಗ ಅದನ್ನೇ ತೋರಿಸಬಹುದು.