ಬೇಸಿಗೆಯ ಉಡುಗೆ, ಬದುಕಿನ ನಡೆ

ಚೈತ್ರ ಕಳೆದು ವೈಶಾಖವು ಕಾಲಿರಿಸಿತೆಂದರೆ ನಮ್ಮ ನಾಡಿನ ಉತ್ತರಭಾಗದಲ್ಲಿ ಬಿಸಿಲು ಕೆಂಡದಂತಾಗುತ್ತದೆ. ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆ ಉಷ್ಣಾಂಶವು 40 ಡಿಗ್ರಿಯನ್ನು ದಾಟುವುದು ಹೊಸ ಮಾತೇನಲ್ಲ. ಲಗ್ನಸರಾಯಿ ಬರುವುದೂ ಈ ಕಾಲದಲ್ಲಿಯೇ. ವೈಶಾಖ ಶುದ್ಧ ತದಿಗೆಯ ಬಸವ ಜಯಂತಿ ಬರುವುದೂ ಈ ಕಾಲದಲ್ಲಿಯೇ. ಆದ್ದರಿಂದ "ಈ ಸಲ ಏನನ್ನು ಉಡೋಣ?" ಎಂಬ ಪ್ರಶ್ನೆ ಮನೆಮನೆಯಲ್ಲಿಯೂ ಏಳುವುದು ಸಹಜವೇ ಆಗಿದೆ.

ಕಳೆದ ಬೇಸಿಗೆಯಲ್ಲಿ ಒಂದು ಶರಣಸಂಗಮದಲ್ಲಿ ಉಪನ್ಯಾಸ ಮುಗಿಸಿದಾಗ ಕಾಲೇಜು ಓದುತ್ತಿದ್ದ ತರುಣಿಯೊಬ್ಬಳು ಎದ್ದುನಿಂತು ಕೇಳಿದಳು: "ಗುರುಗಳೇ, ನಾನು ತೊಡುವ ಬಟ್ಟೆಯು ನನ್ನ ವ್ಯಕ್ತಿತ್ವವನ್ನು ತೋರಿಸಬೇಕೆಂದು ಬಯಸುತ್ತೇನೆ. ಮನೆಯ ಹಿರಿಯರು ಅದನ್ನು ಆಡಂಬರವೆನ್ನುತ್ತಾರೆ. ನಮ್ಮ ಧರ್ಮದಲ್ಲಿ ಇದಕ್ಕೆ ಎಡೆಯೇ ಇಲ್ಲವೇ?" ಸಭೆಯಲ್ಲಿ ಕೆಲವರು ನಕ್ಕರು. ಸರಳತೆಯೇ ಶರಣರ ಭೂಷಣವೆಂದು ನಾನೂ ಏನೋ ಹೇಳಿ ಕುಳಿತೆ. ಆದರೆ ಆ ಉತ್ತರವು ನನಗೇ ಸಮಾಧಾನವನ್ನು ತರಲಿಲ್ಲ. ಅಂದು ಅರ್ಧಕ್ಕೆ ಬಿಟ್ಟ ಮಾತನ್ನು ಇಲ್ಲಿ ಪೂರ್ಣಗೊಳಿಸಲು ಯತ್ನಿಸಿದ್ದೇನೆ.

ಬಟ್ಟೆಯ ಕಾಯಕ

ಶರಣರು ಬಟ್ಟೆಯನ್ನು ತುಚ್ಛವಾಗಿ ಕಂಡವರೆಂದು ತಿಳಿಯುವುದು ತಪ್ಪಾದೀತು. ಕದಿರ ರೆಮ್ಮವ್ವೆಯದು ನೂಲುವ ಕಾಯಕ. ಮುದನೂರಿನ ಜೇಡರ ದಾಸಿಮಯ್ಯನವರದು ನೇಯುವ ಕಾಯಕ. ಸೂಜಿಕಾಯಕದ ರಾಮಿತಂದೆಯವರು ಹೊಲಿಯುವವರು. ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಒಗೆದು ಮಡಿ ಮಾಡಿದವರು. ನೂಲಿನಿಂದ ಮಡಿಯವರೆಗೆ ಅರಿವೆಯೊಂದು ಹಾದುಬರುವ ಹಾದಿಯ ಒಂದೊಂದು ಹಂತದಲ್ಲಿಯೂ ಒಬ್ಬೊಬ್ಬ ವಚನಕಾರರು ನಿಂತಿದ್ದಾರೆ. ಬಟ್ಟೆಯನ್ನು ಕಾಯಕದ ಫಲವೆಂದು ಕಂಡು ಗೌರವಿಸಿದ ಪರಂಪರೆ ನಮ್ಮದು.

ಇನ್ನೊಂದು ತುದಿಯಲ್ಲಿ ಉಡುತಡಿಯ ಅಕ್ಕಮಹಾದೇವಿಯವರಿದ್ದಾರೆ. ಅರಮನೆಯನ್ನೂ ಉಡುಗೆಯನ್ನೂ ತೊರೆದು, ಕೇಶವನ್ನೇ ಹೊದಿಕೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದ ಆ ಮಹಾತಾಯಿಯನ್ನು ಅಲ್ಲಮಪ್ರಭುಗಳು ಆ ಕೇಶದ ಮರೆಯ ವಿಷಯವಾಗಿಯೂ ಪ್ರಶ್ನಿಸುವ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹೊರಗೆ ತೊಟ್ಟದ್ದಕ್ಕೂ ತೊರೆದದ್ದಕ್ಕೂ ಒಳಗಿನ ನಿಲುವೇ ಸಾಕ್ಷಿ ಹೇಳಬೇಕೆಂಬುದು ಆ ಪ್ರಶ್ನೆಯ ಮರ್ಮವಾಗಿದೆ. ಹೀಗಿರುವಾಗ ಉಡುಗೆಗೂ ವ್ಯಕ್ತಿತ್ವಕ್ಕೂ ಸಂಬಂಧವಿಲ್ಲವೆಂದು ನಾವು ಹೇಗೆ ಹೇಳಲು ಬಂದೀತು?

ಒಂದು ಅಂಗಿಯ ಕಥೆ

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಓದುಗರ ಮುಂದಿಡಬೇಕಾಗಿದೆ. ನಾನು ಮಠದ ಪ್ರಸಾದನಿಲಯದಲ್ಲಿ ಬೆಳೆದವನು. ಅಲ್ಲಿ ಎಲ್ಲರಿಗೂ ಎರಡೇ ಜೊತೆ ಬಿಳಿಯ ಬಟ್ಟೆ. ಬೆಳಗಿನ ಜಾವ ಬಾವಿಯ ಕಟ್ಟೆಯ ಮೇಲೆ ಒಂದನ್ನು ಒಗೆದು ಒಣಹಾಕಿ, ಇನ್ನೊಂದನ್ನು ಉಟ್ಟು ಪೂಜೆಗೆ ಕೂಡಬೇಕು. ಎಲ್ಲರದೂ ಒಂದೇ ಬಣ್ಣ, ಒಂದೇ ಅಳತೆ. ಆದರೂ ನಮ್ಮ ಗುರುಗಳು ತಂತಿಯ ಮೇಲಿನ ಬಟ್ಟೆಯನ್ನು ನೋಡಿಯೇ ಇದು ಇಂಥವನದೆಂದು ಹೇಳಿಬಿಡುತ್ತಿದ್ದರು. ಒಬ್ಬನು ಹಿಂಡದೆ ಒಣಹಾಕುವವನು, ಒಬ್ಬನು ಹರಿದುದನ್ನು ಅಂದೇ ಹೊಲಿದುಕೊಳ್ಳುವವನು, ಮತ್ತೊಬ್ಬನು ನೆರೆಯವನ ಬಟ್ಟೆಗೆ ಜಾಗ ಬಿಟ್ಟು ಹರವುವವನು. ನಮ್ಮ ಗುಣಗಳೆಲ್ಲವನ್ನೂ ಅವರು ಆ ತಂತಿಯ ಮೇಲೆ ಓದುತ್ತಿದ್ದರು.

ನನ್ನ ತಂದೆಯವರು ಕೈಮಗ್ಗದ ನೇಕಾರರು. ನನಗೆ ಶಿಕ್ಷಕ ವೃತ್ತಿ ದೊರೆತಾಗ ಅವರು ತಮ್ಮ ಮಗ್ಗದಲ್ಲಿಯೇ ಅಂಗಿಯ ಅರಿವೆಯೊಂದನ್ನು ನೇಯ್ದು ಕೊಟ್ಟರು. ಅದರ ಒರಟು ನೂಲನ್ನು ಕಂಡು ನನಗೆ ನಾಚಿಕೆಯಾಯಿತು. ಅದನ್ನು ಪೆಟ್ಟಿಗೆಯ ತಳದಲ್ಲಿರಿಸಿ, ಮೊದಲ ಸಂಬಳದಲ್ಲಿ ಟೆರಿಕಾಟಿನ ಅಂಗಿಯನ್ನು ಹೊಲಿಸಿಕೊಂಡೆ. ವೈಶಾಖದ ಬಿಸಿಲಿನಲ್ಲಿ ಅದನ್ನು ತೊಟ್ಟು ಊರಿಗೆ ಹೋದೆ. ತಂದೆಯವರು ಅಂಗಿಯ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ನೋಡಿ, "ಇದು ಬೆವರು ಕುಡಿಯಂಗಿಲ್ಲೋ ತಮ್ಮಾ" ಎಂದಷ್ಟೇ ಹೇಳಿದರು. ಬೇರೆ ಮಾತಾಡಲಿಲ್ಲ. ಅವರು ನೇಯ್ದ ಅಂಗಿಯನ್ನು ನಾನು ತೊಟ್ಟದ್ದು ಅವರು ಲಿಂಗೈಕ್ಯರಾದ ಮೇಲೆ. ಆ ವೇಳೆಗೆ ಮಗ್ಗವೂ ನಿಂತಿತ್ತು.

ಅವರ ಮಾತು ಶಾಸ್ತ್ರದ ದೃಷ್ಟಿಯಿಂದಲೂ ದಿಟವಾಗಿತ್ತು. ಸಾಮಾನ್ಯ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಶೇಕಡಾ 7ರಿಂದ 8ರಷ್ಟು ತೇವವನ್ನು ಹೀರಿಕೊಳ್ಳಬಲ್ಲದು. 1941ರಲ್ಲಿ ಇಂಗ್ಲೆಂಡಿನಲ್ಲಿ ಟೆರಿಲಿನ್ ಎಂಬ ಹೆಸರಿನಿಂದ ಹುಟ್ಟಿಬಂದ ಪಾಲಿಯೆಸ್ಟರ್ ನೂಲು ಹೀರುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಬೆವರು ಆರುವಾಗ ಮೈಯ ಬಿಸಿಯನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಹತ್ತಿಯ ಬಟ್ಟೆಯು ಅದನ್ನು ಹೀರಿ ಗಾಳಿಗೆ ಒಪ್ಪಿಸುತ್ತದೆ. ಬಿಳಿಯ ಮತ್ತು ತಿಳಿಬಣ್ಣಗಳು ಬಿಸಿಲನ್ನು ಹಿಂದಿರುಗಿಸುತ್ತವೆ. ಸಡಿಲವಾದ ಉಡುಗೆಯಲ್ಲಿ ಗಾಳಿಯಾಡುತ್ತದೆ. ನಮ್ಮ ರೈತನ ಬಿಳಿಯ ಧೋತರ, ಅಂಗಿ, ತಲೆಯ ರುಮಾಲುಗಳಲ್ಲಿ ಈ ತಿಳಿವಳಿಕೆಯೆಲ್ಲವೂ ಅಡಗಿದೆ.

ಒಳಗೂ ಹೊರಗೂ ಒಂದೇ

ನಮ್ಮ ತಾಯಂದಿರ ಇಳಕಲ್ ಸೀರೆಯನ್ನೇ ನೋಡಿರಿ. ಅದರ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಹತ್ತಿಯ ಒಡಲನ್ನೂ ರೇಷ್ಮೆಯ ಸೆರಗನ್ನೂ ಕೊಂಡಿ ಹಾಕಿ ಕೂಡಿಸುವುದು ಆ ನೇಕಾರರ ವಿಶೇಷ. ಮೈಗೆ ಹತ್ತುವ ಭಾಗ ತಂಪಾದ ಹತ್ತಿ, ಕಣ್ಣಿಗೆ ಕಾಣುವ ತೋಪು ತೆನೆಯ ಸೆರಗು ಮಾತ್ರ ರೇಷ್ಮೆ. ಚೆಲುವು ಬೇಕು, ಆದರೆ ಮೈಯನ್ನು ಬೇಯಿಸಿಕೊಂಡಲ್ಲ ಎಂಬ ವಿವೇಕವನ್ನು ಈ ಸೀರೆಯಲ್ಲಿಯೇ ನೇಯ್ದಿದ್ದಾರೆ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸವಿದ್ದರೆ ಅದಕ್ಕಿಂತ ಮಿಗಿಲಾದ ಶೃಂಗಾರವುಂಟೇ?

ಧಾರವಾಡ ಸೀಮೆಯ ಕಸೂತಿಯು ಇನ್ನೂ ಒಂದು ಪಾಠವನ್ನು ಹೇಳುತ್ತದೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತ, ಗಂಟು ಕಾಣದಂತೆ ತಾಯಿಯು ತೇರನ್ನೋ ಆನೆಯನ್ನೋ ಗೋಪುರವನ್ನೋ ಮೂಡಿಸುತ್ತಾಳೆ. ಆಕೆ ಆರಿಸಿದ ಚಿತ್ರ, ಹಚ್ಚಿದ ಬಣ್ಣ ಅವಳದೇ. ಅದು ಅವಳ ವ್ಯಕ್ತಿತ್ವವಲ್ಲದೆ ಮತ್ತೇನು? ಮಗುಚಿ ನೋಡಿದರೂ ನಾಚಬೇಕಾಗಿಲ್ಲದ ಕೆಲಸವದು. ನಮ್ಮ ಉಡುಗೆಯೂ ನಡೆಯೂ ಹೀಗಿದ್ದರೆ ಸಾಕು.

ಆ ತರುಣಿಗೆ ಈಗ ನನ್ನ ಉತ್ತರವಿದು: ತಂಗೀ, ನಿನ್ನ ಬಯಕೆಯಲ್ಲಿ ದೋಷವಿಲ್ಲ. ಆದರೆ ನೀನು ತೊಡುವುದು ನಿನ್ನನ್ನು ತೋರಿಸುತ್ತದೆಯೋ, ಮರೆಸುತ್ತದೆಯೋ ಎಂದು ಕೇಳಿಕೋ. ನನ್ನ ಟೆರಿಕಾಟಿನ ಅಂಗಿಯು ನನ್ನನ್ನು ತೋರಿಸಲಿಲ್ಲ. ನಾನು ನೇಕಾರನ ಮಗನೆಂಬುದನ್ನು ಮರೆಸಿತು. ಹಾಗೆ ಮರೆಸುವುದೇ ಆಡಂಬರ. ಹಿರಿಯರಿಗೂ ಒಂದು ಮಾತು: ಅಂದು ನಕ್ಕವರ ಸಾಲಿನಲ್ಲಿ ನಾನೂ ಇದ್ದೆನೆಂಬ ಅರಿವಿನಿಂದಲೇ ಹೇಳುತ್ತೇನೆ. ಮಕ್ಕಳು ಬಣ್ಣವನ್ನು ಆರಿಸಿಕೊಂಡರೆ ಧರ್ಮವು ಕೆಡುವುದಿಲ್ಲ. ಅವರ ಉಡುಗೆಯನ್ನು ಕಂಡು ಶೀಲವನ್ನು ಅಳೆಯುವ ನಮ್ಮ ನಾಲಗೆಯಿಂದ ಕೆಡಬಹುದು.

ಮನೆಯವರಿಗೆ ನಾಲ್ಕು ಮಾತು

ಬೇಸಿಗೆಯ ಮದುವೆಗಳಲ್ಲಿ ವರನಿಗೆ ಗಿಡ್ಡ ಕೊರಳಪಟ್ಟಿಯ ದಪ್ಪ ಸೂಟನ್ನು ಬಿಗಿದು, ಸಾಲ ಮಾಡಿ ಒಂದು ದಿನದ ಉಡುಪನ್ನು ತರುವ ರೂಢಿಯನ್ನು ಬಿಡಬೇಕು. ಹತ್ತಿಯ ಧೋತರ, ನಿಲುವಂಗಿ, ಶಲ್ಯಗಳು ಮರುದಿನವೂ ಉಪಯೋಗಕ್ಕೆ ಬರುತ್ತವೆ. ಕೊಳ್ಳುವಾಗ ವರ್ಷಕ್ಕೆ ಒಂದಾದರೂ ಕೈಮಗ್ಗದ ಬಟ್ಟೆಯಿರಲಿ. ಅದರಿಂದ ಒಂದು ಮಗ್ಗದ ಸದ್ದು ಉಳಿದೀತು. ಬಣ್ಣದ ಕೈಮಗ್ಗದ ಬಟ್ಟೆಯನ್ನು ಮೊದಮೊದಲು ಬೇರೆಯಾಗಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಬಹುಕಾಲ ಬಾಳುತ್ತದೆ. ಉಡುಗೆಯನ್ನು ಹೊಲಿಸುವಾಗ ಎದೆಯ ಮೇಲಿನ ಇಷ್ಟಲಿಂಗಕ್ಕೆ ಎಡೆಯಿರಲಿ. ಕೊರಳಿನ ವಿನ್ಯಾಸಕ್ಕೆ ಒಪ್ಪದೆಂದು ಶಿವದಾರವನ್ನು ತೆಗೆದಿರಿಸುವುದಕ್ಕಿಂತ, ಶಿವದಾರಕ್ಕೆ ಒಪ್ಪುವ ವಿನ್ಯಾಸವನ್ನು ದರ್ಜಿಗೆ ಹೇಳುವುದು ಕಷ್ಟವೇನಲ್ಲ.

1913ರಲ್ಲಿ ದಾವಣಗೆರೆಯಲ್ಲಿ ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಬಸವ ಜಯಂತಿಯ ಸಾರ್ವಜನಿಕ ಉತ್ಸವವನ್ನು ಆರಂಭಿಸಿದ ಹರ್ಡೇಕರ ಮಂಜಪ್ಪನವರು (1886-1947) ಖಾದಿಯನ್ನುಟ್ಟು ಬಾಳಿದವರು. ನಾಡವರು ಅವರನ್ನು ಕರ್ನಾಟಕದ ಗಾಂಧಿಯೆಂದು ಕರೆದರು. ಆ ಒರಟು ಬಟ್ಟೆಯಲ್ಲಿ ಅವರ ವ್ಯಕ್ತಿತ್ವವು ಮಸುಕಾಗಲಿಲ್ಲ, ಬೆಳಗಿತು.

ಹಳಗನ್ನಡದಲ್ಲಿ 'ಬಟ್ಟೆ' ಎಂಬ ಶಬ್ದಕ್ಕೆ ದಾರಿ ಎಂಬ ಅರ್ಥವೂ ಉಂಟು. ಈ ಬಸವ ಜಯಂತಿಯಂದು ಹೊಸದನ್ನು ಉಡುವಾಗ ಆ ಎರಡೂ ಅರ್ಥಗಳು ನಮ್ಮ ನೆನಪಿನಲ್ಲಿರಲಿ. ಪೆಟ್ಟಿಗೆಯ ತಳದಲ್ಲಿ ಹಿರಿಯರು ಕೊಟ್ಟ ಅರಿವೆಯೇನಾದರೂ ಉಳಿದಿದ್ದರೆ, ಅವರ ಕಣ್ಣಮುಂದೆಯೇ ಅದನ್ನು ಹೊಲಿಸಿ ತೊಟ್ಟುಬಿಡಿರಿ.