ಆರೈಕೆಗೊಂದು ಪೇಟೆ

ಸಿಂಧನೂರಿನ ಪೇಟೆಯಲ್ಲಿ ದೊರೆಯದ ಪದಾರ್ಥ ವಿರಳ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಅಕ್ಕಿಯ ಗಿರಣಿಗಳು ಎದ್ದವು, ಟ್ರ್ಯಾಕ್ಟರಿನ ಅಂಗಡಿಗಳು ತೆರೆದವು. ಗೊಬ್ಬರ, ಔಷಧಿ, ಸಾಲ, ಎಲ್ಲಕ್ಕೂ ವ್ಯಾಪಾರಿಗಳು ಹುಟ್ಟಿಕೊಂಡರು. ಆದರೆ ಲಕ್ವ ಹೊಡೆದು ಮಲಗಿದ ತಂದೆಯನ್ನು ಬೆಳಗ್ಗೆ ಎಬ್ಬಿಸಿ, ಮುಖ ತೊಳೆಸಿ, ಎರಡು ತುತ್ತು ಉಣ್ಣಿಸಿ, ಸಂಜೆಯವರೆಗೆ ನೋಡಿಕೊಳ್ಳುವ ಒಬ್ಬ ಆಳು ಬೇಕೆಂದು ಹಣ ಹಿಡಿದು ಹೊರಟವನಿಗೆ ಯಾವ ಅಂಗಡಿಯ ಮುಂದೆ ನಿಲ್ಲಬೇಕೆಂಬುದೇ ತಿಳಿಯುವುದಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿಲ್ಲದಿಲ್ಲ. ಅಶಕ್ತರ ಆರೈಕೆಗೆಂದು ಸರ್ಕಾರದ ಹಣ ನೇರವಾಗಿ ಮನೆಗೇ ಬರುವ ಕಾಲ ಮೊದಲಾಗಿದೆ. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕೇಂದ್ರ ಕಾಯಿದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಸಲ್ಲಬೇಕೆಂದು ಹೇಳಿತು. ಕರ್ನಾಟಕ ಸರ್ಕಾರ ತನ್ನ 2024-25ರ ಮುಂಗಡ ಪತ್ರದಲ್ಲಿ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಪೀಡಿತರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಕೊಡುವುದಾಗಿ ಘೋಷಿಸಿತು. ವೃದ್ಧರಿಗೆ 2007ರಿಂದ ಬಂದ ಸಂಧ್ಯಾ ಸುರಕ್ಷಾ ವೇತನ 2021ರಲ್ಲಿ 1200 ರೂಪಾಯಿಗೆ ಏರಿತು. ಮೊತ್ತ ಸಣ್ಣದು, ಆದರೆ ಅದು ಹಿಡಿದ ದಾರಿ ಹೊಸದು.

ಹಿಂದಿನ ದಾರಿ ಯಾವುದು? ಸರ್ಕಾರ ಸಂಸ್ಥೆಗೆ ಹಣ ಕೊಡುವುದು, ಸಂಸ್ಥೆ ಮನುಷ್ಯನನ್ನು ಇಟ್ಟುಕೊಳ್ಳುವುದು. ವಿಶೇಷ ಶಾಲೆಗಳಿಗೆ ನಮ್ಮಲ್ಲಿ ‘ಶಿಶು ಕೇಂದ್ರಿತ’ ಎಂಬ ಅನುದಾನವುಂಟು. ಹೆಸರು ಶಿಶುವಿನದು, ಲೆಕ್ಕವೂ ತಲೆಗಿಷ್ಟೆಂದು ಶಿಶುವಿನದೇ. ಚೆಕ್ಕು ಮಾತ್ರ ಸಂಸ್ಥೆಯದು. ಊರುಗೋಲು, ಮೂರುಗಾಲಿಯ ಬಂಡಿಗಳ ಹಂಚಿಕೆಯ ಶಿಬಿರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಕಾರ್ಖಾನೆಯ ಒಂದೇ ಅಳತೆಯ ಬಂಡಿ ಉದ್ದನೆಯವನಿಗೂ ಗಿಡ್ಡನೆಯವಳಿಗೂ ಬರುತ್ತದೆ. ಕೊಳ್ಳುವವನು ಬೇರೆ, ಕೂಡುವವನು ಬೇರೆ ಆದಲ್ಲಿ ಅಳತೆ ಹೊಂದದೆ ಹೋಗುವುದು ಸಹಜ.

ಇದನ್ನು ಮುರಿದ ಕಥೆಯೊಂದು ಇಂಗ್ಲೆಂಡಿನ ಹ್ಯಾಂಪ್‌ಷೈರಿನದು. ಅಲ್ಲಿ ಲೆ ಕೋರ್ಟ್ ಎಂಬ ಅಂಗವಿಕಲರ ನಿವಾಸವಿತ್ತು. 1948ರಲ್ಲಿ ಲೆನರ್ಡ್ ಚೆಷೈರ್ ಸ್ಥಾಪಿಸಿದ್ದು. 1970ರ ದಶಕದ ಕೊನೆಯಲ್ಲಿ ಅದರ ನಿವಾಸಿಗಳಲ್ಲಿ ಕೆಲವರು ಒಂದು ಸರಳವಾದ ಪ್ರಶ್ನೆ ಕೇಳಿದರು: ನಮ್ಮನ್ನು ಇಲ್ಲಿಡಲು ನೀವು ಕೊಡುವ ಹಣವನ್ನು ನಮಗೇ ಕೊಟ್ಟರೆ, ನಮ್ಮ ಮನೆಯಲ್ಲಿದ್ದು ನಮಗೆ ಒಪ್ಪುವ ಆಳನ್ನು ನಾವೇ ಇಟ್ಟುಕೊಳ್ಳಬಾರದೆ? ಅವರ ಪ್ರಯತ್ನಕ್ಕೆ ‘ಪ್ರಾಜೆಕ್ಟ್ 81’ ಎಂದು ಹೆಸರಾಯಿತು. ನೇರವಾಗಿ ಹಣ ಕೊಡಲು ಆಗಿನ ಕಾನೂನಿನಲ್ಲಿ ಅವಕಾಶವಿರಲಿಲ್ಲವಾಗಿ ಸುತ್ತುದಾರಿಯಲ್ಲಿ ಕೊಡಬೇಕಾಯಿತು. ಅದಕ್ಕೆ ಕಾಯಿದೆಯ ಬಲ ಬಂದುದು 1996ರಲ್ಲಿ.

ಆಮೇಲೆ ಆದುದು ಬರಿಯ ಲೆಕ್ಕಪತ್ರದ ಬದಲಾವಣೆಯಲ್ಲ. ಅದುವರೆಗೆ ಆರೈಕೆಯ ಸಂಸ್ಥೆಗಳಿಗೆ ಇದ್ದ ದೊಡ್ಡ ಗಿರಾಕಿ ಒಬ್ಬನೇ, ಸ್ಥಳೀಯ ಪೌರಾಡಳಿತ. ಅದರೊಡನೆ ಒಂದು ಸಲ ಕರಾರಾದರೆ ಹಾಸಿಗೆ ತುಂಬಿದಂತೆ, ಹಣ ಬಂದಂತೆ. ಒಬ್ಬ ಗಿರಾಕಿಯ ಬದಲು ಸಾವಿರ ಗಿರಾಕಿಗಳಾದಾಗ ಪ್ರತಿಯೊಬ್ಬನ ಮನ ಗೆಲ್ಲಬೇಕಾಯಿತು. ಒಬ್ಬನಿಗೆ ಬೆಳಗ್ಗೆ ಆರಕ್ಕೇ ಏಳಬೇಕು. ಇನ್ನೊಬ್ಬಳಿಗೆ ರಾತ್ರಿ ನಾಟಕ ನೋಡಿ ಬಂದ ಮೇಲೆ ಮಲಗಿಸುವವರು ಬೇಕು. ಸಂಸ್ಥೆಯನ್ನೇ ಬಿಟ್ಟು ವ್ಯಕ್ತಿಗಳನ್ನು ನೇರವಾಗಿ ನೇಮಿಸಿಕೊಂಡವರೂ ಬಹಳ. ನಿವಾಸಿಯಾಗಿದ್ದವನು ಯಜಮಾನನಾದ. ಯಜಮಾನಿಕೆಯ ತೊಡಕುಗಳೂ ಜೊತೆಗೇ ಬಂದವು: ಸಂಬಳದ ಲೆಕ್ಕ, ರಜೆ, ಆಳು ಕೈಕೊಟ್ಟ ದಿನದ ಪಾಡು.

ಆದರೆ ಈ ವ್ಯವಸ್ಥೆಗೆ ಒಂದು ಷರತ್ತುಂಟು. ಕೊಳ್ಳುವವನಿದ್ದರೆ ಸಾಲದು, ಮಾರುವವನೂ ಇರಬೇಕು. 2013ರ ಕಾಯಿದೆಯಿಂದ ಆಸ್ಟ್ರೇಲಿಯಾ ಇದನ್ನು ದೇಶವ್ಯಾಪಿಯಾಗಿ ತಂದಿತು. ನಗರಗಳಲ್ಲಿ ಸೇವೆ ಒದಗಿಸುವವರು ಹೆಚ್ಚಿದರು. ದೂರದ ಒಳನಾಡಿನಲ್ಲಿ ಮಂಜೂರಾದ ಹಣದ ಎಷ್ಟೋ ಪಾಲು ಖರ್ಚಾಗದೆ ಉಳಿಯಿತು. ಕೊಳ್ಳೋಣವೆಂದರೆ ಅಲ್ಲಿ ಸೇವೆಯೇ ಇರಲಿಲ್ಲ.

ಆ ಒಳನಾಡಿನ ಮಾತು ಕೇಳಿದಾಗ ನನಗೆ ಮಸ್ಕಿಯ ಸೀಮೆ ನೆನಪಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿನ ಊರುಗಳು. ಆದರೆ ಆರೈಕೆಯ ವಿಷಯದಲ್ಲಿ ಮೂರಕ್ಕೂ ಮೂರು ಬಗೆಯ ಪಾಡು. ಲಿಂಗಸುಗೂರಿನ ಕಡೆ ಹಟ್ಟಿಯ ಚಿನ್ನದ ಗಣಿಯ ಪಗಾರವಿರುವ ಮನೆಗಳು ಹೇಗೋ ಒಬ್ಬ ಹೆಂಗಸನ್ನು ಗೊತ್ತುಮಾಡಿಕೊಳ್ಳುತ್ತವೆ. ಮಳೆಯನ್ನೇ ನಂಬಿದ ಹಳ್ಳಿಗಳಿಂದ ಮತ್ತು ತಾಂಡಾಗಳಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮುದುಕರೂ ಕಾಲಿಲ್ಲದವರೂ ಊರಲ್ಲಿ ಉಳಿಯುತ್ತಾರೆ. ಗುಳೆ ಹೋದವರಲ್ಲಿ ದೊಡ್ಡ ಊರಿನ ಯಾರದೋ ಮನೆಯಲ್ಲಿ ಹೋಮ್ ನರ್ಸ್ ಆಗಿ ಬೇರೊಬ್ಬರ ತಾಯಿಯನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳನ್ನೂ ನಾನು ಬಲ್ಲೆ. ಆರೈಕೆಯನ್ನು ಮಾರುವವರು ನಮ್ಮಲ್ಲಿ ಇಲ್ಲವೆಂದಲ್ಲ. ಬೆಲೆ ದೊರೆಯುವ ಕಡೆಗೆ ಅವರು ಹೋಗಿದ್ದಾರೆ.

ಸಿಂಧನೂರಿನ ಕಾಲುವೆಯ ಬಯಲಿನಲ್ಲಿ ಆರೈಕೆಯ ಬೆಲೆಯನ್ನು ಕಟ್ಟುವುದು ಭತ್ತ. ಹೀಗೆಂದು ನನಗೆ ತಿಳಿಸಿಕೊಟ್ಟವಳು ಒಬ್ಬ ತಾಯಿ. ಅವಳ ಮಗನಿಗೆ ಹದಿನಾಲ್ಕು ವರ್ಷ. ಕೈಕಾಲು ಸ್ವಾಧೀನವಿಲ್ಲ, ಮಾತಿಲ್ಲ, ನಗು ಉಂಟು. ಅವನ ಪಾಲಿಗೆ ಸರ್ಕಾರ ಕೊಡುವ ಹಣದ ಮಾತು ಬಂದಾಗ ಅವಳು ಹೇಳಿದಳು: “ರೊಕ್ಕ ಬಂದ್ರ ಚಲೋನ ಅಲ್ರಿ ಸರ. ಖರೆ ನಾಟಿ ಸುರುವಾದ್ರ ಊರಾಗ ಒಬ್ರೂ ಇರಂಗಿಲ್ಲ. ರೊಕ್ಕ ಕೊಟ್ರೂ ಯಾರು ಕುಂದರ್ತಾರ್ರಿ ಇವನ ಬಾಜೂಕ?”

ಅರ್ಥಶಾಸ್ತ್ರದ ಪುಸ್ತಕ ಹತ್ತು ಪುಟಗಳಲ್ಲಿ ಹೇಳುವುದನ್ನು ಅವಳು ಎರಡು ಮಾತಿನಲ್ಲಿ ಹೇಳಿದ್ದಳು. 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 349 ರೂಪಾಯಿ ಇತ್ತು. ತಿಂಗಳ ಭತ್ಯೆಯ ಸಾವಿರ ರೂಪಾಯಿ ಅದರ ಮೂರು ದಿನಕ್ಕೂ ಸಾಲದು. ನಾಟಿಯ ಕಾಲದ ಗುತ್ತಿಗೆಯ ಕೂಲಿಯ ಮುಂದೆ ಅದರ ಮಾತೇ ಬೇಡ. ಉಳಿದ ಇಪ್ಪತ್ತೇಳು ದಿನಗಳ ದುಡಿಮೆ ಯಾರದು? ತಾಯಿಯದು, ಸೊಸೆಯದು, ಶಾಲೆ ಬಿಟ್ಟ ಅಕ್ಕನದು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು, ವಾಚಕರು ಗಮನಿಸಬೇಕು. ಇಂಗ್ಲೆಂಡಿನ ಪದ್ಧತಿಯಲ್ಲಿ ಹಣ ಆರೈಕೆ ಬೇಕಾದವನ ಕೈಗೆ; ಒಂದೇ ಮನೆಯಲ್ಲಿರುವ ಹತ್ತಿರದ ಬಂಧುವನ್ನು ಆ ಹಣದಲ್ಲಿ ಆಳಾಗಿ ಇಟ್ಟುಕೊಳ್ಳಲು ಸಾಮಾನ್ಯವಾಗಿ ಒಪ್ಪಿಗೆಯಿಲ್ಲ. ನಮ್ಮ ಭತ್ಯೆ ನೋಡಿಕೊಳ್ಳುವವಳ ಹೆಸರಿಗೆ, ಮತ್ತು ಅವಳು ಬಹುಪಾಲು ಮನೆಯವಳೇ. ಹೀಗಿರಲು ಇದರಿಂದ ಆ ಹುಡುಗ ಗಿರಾಕಿಯಾಗಲಿಲ್ಲ. ಅವನ ಆಯ್ಕೆ ಹೆಚ್ಚಲಿಲ್ಲ. ಆದರೂ ಇದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಕೆಲಸವೆಂದೇ ಎಣಿಸದಿದ್ದ ಕೆಲಸಕ್ಕೆ ಸರ್ಕಾರದ ಕಾಗದದಲ್ಲಿ ಮೊದಲ ಬಾರಿಗೆ ಒಂದು ಹೆಸರೂ ಒಂದು ಅಂಕಿಯೂ ಬಂದವು. ಅಂಕಿ ಬಂದ ಮೇಲೆ ಅದು ಕಡಿಮೆಯಾಯಿತೆಂದು ಜಗಳವಾಡಲಾದರೂ ಬರುತ್ತದೆ.

ಹಣವನ್ನು ಹೆಚ್ಚಿಸಿದರೆ ಪೇಟೆ ತಾನಾಗಿ ಹುಟ್ಟೀತೆಂದು ಕೆಲವರು ಹೇಳುತ್ತಾರೆ. ಪಟ್ಟಣದಲ್ಲಿ ಹುಟ್ಟೀತು. ಇಂಥ ಮನೆಗಳು ನಾಲ್ಕೇ ಇರುವ ಹಳ್ಳಿಯಲ್ಲಿ, ನಾಲ್ಕು ಮನೆಯ ಹಣ ಸೇರಿದರೂ ಒಬ್ಬಳ ವರ್ಷದ ಜೀವನ ನಡೆಯುವಷ್ಟಾಗದಿದ್ದರೆ, ಯಾವ ಸಂಸ್ಥೆಯೂ ಅಲ್ಲಿಗೆ ಬಂದು ಅಂಗಡಿ ತೆರೆಯಲಾರದು. ಅಂಥ ಕಡೆ ಮೊದಲು ಬೇಕಾದುದು ಮಾರುವವರನ್ನು ಸಿದ್ಧಪಡಿಸುವ ಕೆಲಸ. ಅದಕ್ಕೆ ಬೇಕಾದ ಜನವೂ ನಮ್ಮಲ್ಲಿ ಇಲ್ಲದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾವೂ ಅಂಗವಿಕಲರೇ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಅವರಿಗೆ ಗೊತ್ತು. ಈಗ ಅವರ ದಿನವೆಲ್ಲ ಅರ್ಜಿ, ಪ್ರಮಾಣಪತ್ರ, ಗುರುತಿನ ಚೀಟಿಗಳಲ್ಲಿ ಕಳೆಯುತ್ತದೆ. ಊರೂರಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳಿವೆ. ಹಪ್ಪಳಕ್ಕೆ, ಹೈನಿಗೆ ಸಾಲ ತರುವ ಸಂಘ ಆರೈಕೆಯ ಕೆಲಸವನ್ನು ಗುತ್ತಿಗೆ ಹಿಡಿಯಬಾರದೆಂದು ಎಲ್ಲಿಯೂ ಬರೆದಿಲ್ಲ. ಮಲಗಿದವರ ಮೈ ಹುಣ್ಣಾಗದಂತೆ ಹೊರಳಿಸುವುದು, ಗಂಟಲಿಗೆ ಸಿಕ್ಕದಂತೆ ಉಣ್ಣಿಸುವುದು, ಇವೆಲ್ಲ ಕಲಿಯಬೇಕಾದ ವಿದ್ಯೆಗಳು. ಕಲಿತವಳಿಗೆ ಕೂಲಿಯನ್ನು ಕೇಳುವ ಧೈರ್ಯವೂ ಬರುತ್ತದೆ.

ಸಂಘದ ಕೈಗೆ ಹಣ ಹೋದರೆ ಮತ್ತೆ ಹಳೆಯ ಸಂಸ್ಥೆಯೇ ಬಂದಂತಾಗಲಿಲ್ಲವೆ ಎಂದು ಕೇಳಬಹುದು. ಆಕ್ಷೇಪಣೆ ಸರಿಯಾದುದೇ. ಆದುದರಿಂದ ಹಣ ಮನೆಯ ಹೆಸರಿನಲ್ಲೇ ಇರಲಿ. ಯಾರು ಬರಬೇಕು, ಯಾವ ಹೊತ್ತಿಗೆ ಬರಬೇಕು, ಯಾರು ಬರಕೂಡದು ಎಂಬುದನ್ನು ಮಲಗಿದವನೋ ಅವನ ಪರವಾಗಿ ಅವನ ತಾಯಿಯೋ ಹೇಳಲಿ. ಮೊದಲಿಗೆ ವರ್ಷವಿಡೀ ಬೇಡ. ಕಾಲುವೆಗೆ ನೀರು ಬಿಟ್ಟಂದಿನಿಂದ ನಾಟಿ ಮುಗಿಯುವವರೆಗಿನ ದಿನಗಳಿಗೆ, ನಾಟಿಯ ಕೂಲಿಗೆ ಕಡಿಮೆಯಾಗದ ಕೂಲಿ ಕೊಟ್ಟು, ಒಂದು ಪಂಚಾಯಿತಿಯಲ್ಲಿ ಇಬ್ಬರು ಹೆಂಗಸರನ್ನು ಗೊತ್ತುಮಾಡಿ ನೋಡಬಹುದು.