ಟೆಸ್ಟರನ್ನೂ ಟೆಸ್ಟ್ ಮಾಡುವವರು

ಟೆಸ್ಟರ್ ಹತ್ತಿದರೆ ಕರೆಂಟ್ ಇದೆ, ಹತ್ತದಿದ್ದರೆ ಇಲ್ಲ. ನಮ್ಮಂಥವರ ವಿದ್ಯುತ್ ಜ್ಞಾನ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಪಳಗಿದ ಎಲೆಕ್ಟ್ರಿಷಿಯನ್ ಇಷ್ಟಕ್ಕೆ ನಂಬುವುದಿಲ್ಲ. ಕರೆಂಟ್ ಇದ್ದೇ ಇರುವ ಸಾಕೆಟ್ಟಿಗೆ ಟೆಸ್ಟರ್ ಇಟ್ಟು, ಅದು ಹತ್ತುವುದನ್ನು ನೋಡಿಕೊಂಡೇ ಮೇನ್ ಆಫ್ ಮಾಡುತ್ತಾರೆ. ಟೆಸ್ಟರಿನೊಳಗಿನ ಪುಟ್ಟ ನಿಯಾನ್ ದೀಪ ಕೆಟ್ಟಿದ್ದರೂ ಅದು ಹತ್ತುವುದಿಲ್ಲವಲ್ಲ! ಹತ್ತದ ಟೆಸ್ಟರನ್ನು ನಂಬಿ 230 ವೋಲ್ಟ್‌ಗೆ ಕೈ ಇಟ್ಟವರ ಕಥೆಗಳು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು.

ಹತ್ತಿದ ಟೆಸ್ಟರೂ ದಾರಿ ತಪ್ಪಿಸುತ್ತದೆ. ಸಾಕೆಟ್ಟಿನ ಎರಡೂ ತೂತಿನಲ್ಲಿ ದೀಪ ಹತ್ತುತ್ತದೆ, ಆದರೆ ಮಿಕ್ಸಿ ಓಡುವುದಿಲ್ಲ. ಹೊಸಬರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಅನುಭವಸ್ಥರು ಬಲ್ಬ್ ಹೋಲ್ಡರಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪನ್ನು ಇಟ್ಟು ನೋಡಿ, ‘ನ್ಯೂಟ್ರಲ್ ಕಟ್ಟಾಗಿದೆ’ ಎನ್ನುತ್ತಾರೆ. ಆ ಲೈನಿನಲ್ಲಿ ಸ್ವಿಚ್ ಹಾಕಿಟ್ಟ ಯಾವುದೋ ಬಲ್ಬಿನ ಮೂಲಕ ಹಾದು ಬಂದ ಫೇಸ್, ಮುಂದೆ ಹೋಗಲು ದಾರಿಯಿಲ್ಲದೆ ನ್ಯೂಟ್ರಲ್ ತಂತಿಯಲ್ಲೇ ನಿಂತಿರುತ್ತದೆ. ಅದನ್ನೇ ಟೆಸ್ಟರ್ ತೋರಿಸುವುದು.

ಮನೆಗೋ ಅಂಗಡಿಗೋ ಎಲೆಕ್ಟ್ರಿಷಿಯನ್ ಹುಡುಕುವವರು ಮೊದಲು ಕೇಳುವುದು ‘ಎಷ್ಟು ತಗೋತೀರಾ’ ಎಂದು. ಅದರ ಜೊತೆಗೇ ಪರ್ಮಿಟ್ ಕೇಳಬೇಕು. ಕರ್ನಾಟಕದಲ್ಲಿ ಇದನ್ನು ಕೊಡುವುದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂಗಳಲ್ಲ, ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ವೈರ್‌ಮನ್, ಸೂಪರ್‌ವೈಸರ್, ಗುತ್ತಿಗೆದಾರ ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ. ಹೊಸ ಮೀಟರಿಗೆ ಅರ್ಜಿ ಹಾಕುವಾಗ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಬೇಕು. ಆದರೆ ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಆಗುವುದು ನಮ್ಮಲ್ಲಿ ಹೊಸತೇನಲ್ಲ. ಲೈಸೆನ್ಸಿನಲ್ಲಿರುವ ಹೆಸರಿನವರು ನಿಮ್ಮ ಮನೆಗೆ ಒಮ್ಮೆಯಾದರೂ ಬರುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಐಟಿಐನ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಮಾಡಿದವರಾದರೆ ಇನ್ನೂ ಒಳ್ಳೆಯದು. ಇನ್ನು, ‘ನಮ್ಮ ಏರಿಯಾ ಲೈನ್‌ಮನ್ನೇ ಮಾಡಿಕೊಡ್ತಾನೆ’ ಎನ್ನುವ ಧೈರ್ಯ ಬೇಡ. ಕಂಬದಿಂದ ಮೀಟರಿನವರೆಗಿನದು ಅವರ ಕೆಲಸ. ಮೀಟರ್ ದಾಟಿದ ಮೇಲಿನದಕ್ಕೆ ನಾವೇ ಹೊಣೆ.

ಕಾಗದ ನೋಡಿದ್ದಾಯಿತು, ಕೈ ನೋಡುವುದು ಹೇಗೆ? ತುಮಕೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ಅಲ್ಲಿ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತಿತ್ತು. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಲೆಕ್ಕ ನೋಡುವ ಸಾಧನ ಅದು. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನಷ್ಟು ಲೆಕ್ಕ ತಪ್ಪಿದರೂ ಸಪ್ಲೈ ಕಡಿದುಬಿಡುತ್ತದೆ. ಮೊದಲು ಬಂದವರು ಅದೇ ಕೆಟ್ಟಿದೆ ಎಂದು ಹೊಸದು ಹಾಕಿದರು. ಅದೂ ಬಿತ್ತು. ‘ಡೈರೆಕ್ಟ್ ಮಾಡ್ಕೊಡ್ತೀನಿ, ರಗಳೆನೇ ಇರಲ್ಲ’ ಎಂದರಂತೆ. ಚಿಕ್ಕಮ್ಮ ಒಪ್ಪಲಿಲ್ಲ.

ಆಮೇಲೆ ಬಂದವರು ಕೊಂಚ ವಯಸ್ಸಾದವರು. ಬ್ಯಾಗು ಬಿಚ್ಚುವ ಮೊದಲು ಪ್ರಶ್ನೆ ಶುರು ಮಾಡಿದರು.

‘ಯಾವ ಎಂಸಿಬಿ ಹಾಕಿದಾಗ ಬೀಳುತ್ತೆ ಅಮ್ಮಾ?’

‘ಯಾವುದು ಹಾಕಿದ್ರೂ ಬೀಳುತ್ತಪ್ಪಾ.’

‘ಹಾಗಾದ್ರೆ ಫೇಸ್ ಕಡೆ ಹುಡುಕೋದು ಬೇಡ, ನ್ಯೂಟ್ರಲ್ ನೋಡೋಣ.’

ಮನೆಗಳಲ್ಲಿ ಸಾಮಾನ್ಯವಾಗಿ ಲೈನಿಗೊಂದರಂತೆ ಇರುವ ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಎಲ್ಲ ಲೈನುಗಳ ನ್ಯೂಟ್ರಲ್‌ಗಳೂ ಡಿಬಿಯ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡಿನ, ಒಂದೇ ಪಟ್ಟಿಗೆ ಬಂದು ಸೇರುತ್ತವೆ. ಅವುಗಳಲ್ಲಿ ಒಂದು ಎಲ್ಲೋ ಅರ್ತಿಗೆ ತಾಗಿದ್ದರೆ ಸಾಕು, ಯಾವ ಲೈನ್ ಹಾಕಿದರೂ ವಾಪಸು ಬರುವ ಕರೆಂಟಿನಲ್ಲಿ ಸ್ವಲ್ಪ ಆ ಕಳ್ಳದಾರಿ ಹಿಡಿಯುತ್ತದೆ. ಅವರು ಮೇನ್ ಆಫ್ ಮಾಡಿ, ಪ್ಲಗ್‌ಗಳನ್ನೆಲ್ಲ ಕೀಳಿಸಿ, ಪಟ್ಟಿಯ ಸ್ಕ್ರೂ ಸಡಿಲಿಸಿ ಕಪ್ಪು ತಂತಿಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಒಂದೊಂದಕ್ಕೂ ಮೆಗ್ಗರ್ ಹಿಡಿದರು. ತಂತಿಯ ಮೇಲೆ 500 ವೋಲ್ಟ್ ಹಾಯಿಸಿ ಇನ್ಸುಲೇಷನ್ ಗಟ್ಟಿಯಿದೆಯೇ ಎಂದು ಅಳೆಯುವ ಮೀಟರ್ ಅದು. ಎಲ್ಲ ತಂತಿಗಳೂ ಮೆಗಾ ಓಮ್‌ಗಳಲ್ಲಿ ಉತ್ತರ ಕೊಟ್ಟವು. ಪೋರ್ಟಿಕೋ ಲೈನಿನದು ಮಾತ್ರ ಸೊನ್ನೆ ತೋರಿಸಿತು. ಪೋರ್ಟಿಕೋದ ಸ್ವಿಚ್ ಬೋರ್ಡ್ ಬಿಚ್ಚಿದರೆ, ಪ್ಲೇಟಿನ ಉದ್ದನೆಯ ಸ್ಕ್ರೂ ಒಳಗಿನ ಕಪ್ಪು ತಂತಿಯ ಸಿಪ್ಪೆ ಸೀಳಿಕೊಂಡು ನಿಂತಿತ್ತು. ಆ ಸ್ಕ್ರೂ ತಾಗಿಕೊಂಡಿದ್ದ ಕಬ್ಬಿಣದ ಬಾಕ್ಸಿಗೆ ಅರ್ತಿಂಗ್ ಇತ್ತು.

ಗಾಯವಾದ ತುಂಡು ಕತ್ತರಿಸಿ, ಹೊಸ ತುದಿ ಬಿಡಿಸಿ, ಗಿಡ್ಡ ಸ್ಕ್ರೂ ಹಾಕಿದರು. ‘ಇದು ಬೀಳ್ತಿದ್ದದ್ದೇ ಸರಿ ಅಮ್ಮಾ. ಡೈರೆಕ್ಟ್ ಮಾಡಿದ್ದಿದ್ರೆ ಮನೇಲಿ ಯಾರಿಗಾದ್ರೂ ಹೊಡೆದಾಗ ಬೀಳೋಕೆ ಏನೂ ಇರ್ತಿರಲಿಲ್ಲ’ ಎಂದರು. ಹೋಗುವ ಮೊದಲು ಡಿಬಿಯ ಒಂದೊಂದು ಎಂಸಿಬಿಗೂ ಹೆಸರು ಬರೆದ ಚೀಟಿ ಅಂಟಿಸಿದರು. ಅದನ್ನು ಯಾರೂ ಕೇಳಿರಲಿಲ್ಲ.

ನಾವು ಕೇಳದ, ನಮ್ಮ ಕಣ್ಣಿಗೆ ಬೀಳದ ಕೆಲಸದಲ್ಲೇ ಈ ಕಸುಬಿನ ಪ್ರಾಮಾಣಿಕತೆ ಇರುವುದು. ಹಸಿರು ತಂತಿಯನ್ನೇ ನೋಡಿ. ಅರ್ತಿಂಗ್ ಇಲ್ಲದಿದ್ದರೂ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಗೀಸರ್ ನೀರು ಕಾಯಿಸುತ್ತದೆ. ಗೀಸರಿನ ಕಾಯಿಲ್ ಒಡೆದು ಮೈಗೆಲ್ಲ ಕರೆಂಟ್ ಬಂದ ದಿನ ಮಾತ್ರ ಅದು ಇತ್ತೋ ಇಲ್ಲವೋ ಗೊತ್ತಾಗುವುದು. ತ್ರೀ ಪಿನ್ ಪ್ಲಗ್ಗಿನ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದವಿರುವುದು, ಬೇರೆಲ್ಲಕ್ಕಿಂತ ಮೊದಲು ಅರ್ತ್ ಸೇರಲಿ, ಕೊನೆಯಲ್ಲಿ ಬಿಡಲಿ ಎಂದೇ. ಹಸಿರು ತಂತಿ ಉಳಿಸಿದರೆ ಬಿಲ್ ಇಳಿಯುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ. ಬಂದವರು ‘ಅರ್ತ್ ಪಿಟ್ ಎಲ್ಲಿದೆ’ ಎಂದು ಕೇಳಿ ಹುಡುಕಿಕೊಂಡು ಹೋದರೆ ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಇದ್ದಿಲು, ಉಪ್ಪು ತುಂಬಿ ಜಿಐ ಪೈಪ್ ಇಳಿಸಿದ ಆ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಎಷ್ಟೋ ಹೊಸ ಮನೆಗಳಲ್ಲಿ ಅದು ಕಾರು ನಿಲ್ಲಿಸುವ ಟೈಲ್ಸಿನ ಕೆಳಗೆ ಹೂತುಹೋಗಿರುತ್ತದೆ, ಏನು ಹೇಳೋಣ!

ಕೆಲಸ ಒಪ್ಪಿಸುವ ಮೊದಲು ಮಾತಿಗೆ ಮಾತು ಬಂದಂತೆ ಒಂದು ಪ್ರಶ್ನೆ ಕೇಳಬಹುದು: ‘16 ಆಂಪಿಯರ್ ಎಂಸಿಬಿ ಪದೇಪದೇ ಬೀಳುತ್ತೆ, ಏನು ಮಾಡ್ತೀರಿ?’ ‘32ರದ್ದು ಹಾಕೋಣ’ ಎಂದರೆ ಕಾಫಿ ಕೊಟ್ಟು ಕಳಿಸಿ. ಎಂಸಿಬಿ ದೊಡ್ಡದಾದರೆ ಗೋಡೆಯೊಳಗಿನ ತಂತಿ ದಪ್ಪವಾಗುವುದಿಲ್ಲ, ಕಾಯುತ್ತದೆ. ಲೈಟು ಫ್ಯಾನಿಗೆ 1.5, ಪವರ್ ಪ್ಲಗ್ಗಿಗೆ 2.5, ಎಸಿ ಅಥವಾ ದೊಡ್ಡ ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕುವುದು ವಾಡಿಕೆ. ಈ ಅಳತೆಯೂ ಐಎಸ್ಐ ಗುರುತೂ ತಂತಿಯ ಮೇಲೆಯೇ ಅಚ್ಚಾಗಿರುತ್ತವೆ.

ದುಡ್ಡಿನ ಮಾತು ಚಿಕ್ಕದು. ಪಾಯಿಂಟಿಗೆ ಇಷ್ಟು ಎಂದು ಮಾತಾಡುವಾಗ ಪಾಯಿಂಟ್ ಎಂದರೆ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಸಾಮಾನು ನೀವೇ ಕೊಳ್ಳುವುದಾದರೆ ಅಂಗಡಿಯ ಬಿಲ್ ನಿಮ್ಮ ಹೆಸರಲ್ಲಿರಲಿ. ಪ್ಲಾಸ್ಟರಿಂಗ್‌ಗೆ ಮೊದಲು ಪೈಪ್ ಹೋಗಿರುವ ಗೋಡೆಗಳಿಗೆಲ್ಲ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವವರಿಗೆ ಅದು ಬೇಕಾಗುತ್ತದೆ.

ಬೇಕರಿ, ಜೆರಾಕ್ಸ್ ಅಂಗಡಿಯಂಥ ತ್ರೀ ಫೇಸ್ ಇರುವ ಕಡೆ ಇನ್ನೊಂದು ಜಾಣತನ ಬೇಕು. ಲೋಡು ಆರ್, ವೈ, ಬಿ ಮೂರಕ್ಕೂ ಸರಿಯಾಗಿ ಹಂಚಿದೆಯೇ ಎಂದು ವ್ಯಾಪಾರ ನಡೆಯುತ್ತಿರುವಾಗಲೇ ಕ್ಲ್ಯಾಂಪ್ ಮೀಟರ್ ಹಾಕಿ ನೋಡಬೇಕು. ನ್ಯೂಟ್ರಲ್ ಸ್ಕ್ರೂಗಳನ್ನು ಆಗಾಗ ಬಿಗಿ ಮಾಡಬೇಕು. ಮೇನ್ ನ್ಯೂಟ್ರಲ್ ಬಿಟ್ಟುಹೋದರೆ 230 ವೋಲ್ಟ್ ಸಿಗಬೇಕಾದ ಫ್ರಿಜ್ಜು ಕಂಪ್ಯೂಟರುಗಳ ಮೇಲೆ 400ರ ಹತ್ತಿರ ಬಂದು ಕೂರಬಹುದು. ವರ್ಷಕ್ಕೊಮ್ಮೆ ಬಂದು ನೋಡಿ ಹೋಗುವ ಒಪ್ಪಂದ ಮಾಡಿಕೊಂಡರೆ ಸುಟ್ಟ ಮೆಷಿನ್ ರಿಪೇರಿಗಿಂತ ಅಗ್ಗ.

ಈಗ ಎದ್ದುಹೋಗಿ ನಿಮ್ಮ ಡಿಬಿ ತೆರೆದು, ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಒತ್ತಿ ನೋಡಿ. ತಟ್ಟನೆ ಬೀಳಬೇಕು. ಬಿದ್ದರೆ ಆ ಸಾಧನ ಸರಿಯಿದೆ ಎಂದಷ್ಟೇ ಅರ್ಥ, ಅರ್ತಿಂಗ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬೀಳದಿದ್ದರೆ, ಅಥವಾ ನಿಮ್ಮ ಡಿಬಿಯಲ್ಲಿ ಅಂಥ ಗುಂಡಿಯೇ ಇಲ್ಲದಿದ್ದರೆ, ಪರ್ಮಿಟ್ ಇರುವ ಒಬ್ಬರನ್ನು ಈ ವಾರವೇ ಕರೆಸಿ.